ಮೆಟ್ರೋ ಸ್ಟೇಷನ್‌ಗಳ ಮೂಲಕ ಊರಿನ ಫೋಟೋ: ಮಾಡಿದವರು ಅನುಭವ ಹೇಳಿ

ಪ್ರಶ್ನೆ: ಒಂದೇ ಮೆಟ್ರೋ ಲೈನ್ ಹಿಡಿದು, ಪ್ರತಿ ಸ್ಟೇಷನ್‌ನಲ್ಲೂ ಇಳಿದು ಊರಿನ ಫೋಟೋ ಸರಣಿ ಮಾಡಬೇಕು ಅಂತಿದ್ದೇನೆ. ಎಲ್ಲ ಸ್ಟೇಷನ್ ಒಂದೇ ಥರ ಕಾಣದ ಹಾಗೆ ಏನು ಮಾಡಲಿ?

ಉತ್ತರ 1
ಪ್ಲಾಟ್‌ಫಾರ್ಮ್‌ನಲ್ಲೇ ನಿಂತರೆ ಒಂದೇ ಥರ ಕಾಣುವುದು ಸಹಜ ಅಲ್ವಾ? ಒಂದೇ ಲೈನಿನ ಕಂಬ, ಬೆಂಚು, ಬೋರ್ಡು ಸಾಮಾನ್ಯವಾಗಿ ಒಂದೇ ಅಚ್ಚಿನವು. (ಸ್ಟಾಕ್‌ಹೋಮ್ ಮಾತು ಬೇರೆ. ಅಲ್ಲಿ ಸುರಂಗದ ಬಂಡೆಗೇ ಬಣ್ಣ ಬಳಿದಿದ್ದಾರೆ.) ಊರು ಸಿಗುವುದು ಹೊರಗೆ ಹೋಗುವ ದಾರಿಯಲ್ಲಿ. ಆಸ್ಪತ್ರೆ ಹತ್ತಿರದ ಸ್ಟೇಷನ್‌ನಲ್ಲಿ ಜನ ಎಕ್ಸ್‌ರೇ ಕವರ್ ಹಿಡಿದುಕೊಂಡು ಗೇಟ್ ದಾಟುತ್ತಾರೆ, ಅಲ್ಲೇ ನಿಂತು ತಲೆ ಎತ್ತಿ ಬೋರ್ಡು ಓದುತ್ತಾರೆ. ಆಫೀಸು ಜಾಸ್ತಿ ಇರುವ ಕಡೆ ಯಾರೂ ತಲೆ ಎತ್ತುವುದಿಲ್ಲ, ಕಾಲಿಗೇ ದಾರಿ ಗೊತ್ತು. ಈ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಕೆಳಗೆ ಸ್ಟೇಷನ್ ಹೆಸರೂ ಬೇಕಾಗಿಲ್ಲ.

ನಾನು ಎಲ್ಲ ಕಡೆ 35 ಎಂಎಂ ಲೆನ್ಸ್ ಒಂದನ್ನೇ ಹಾಕಿ, ಹೊರಗಿನ ಮೆಟ್ಟಿಲ ಮೇಲ್ತುದಿಯಿಂದಲೇ ತೆಗೆಯುತ್ತೇನೆ. ನಿಲ್ಲುವ ಜಾಗ ಬದಲಾಗದಿದ್ದರೆ ಊರು ಬದಲಾಗುವುದು ಎದ್ದು ಕಾಣುತ್ತದೆ.

ಮೆಟ್ರೋ ಮ್ಯಾಪ್ ನೋಡಿ ದೂರ ಅಳೆಯಬೇಡಿ. ಲಂಡನ್ ಮೆಟ್ರೋಗೆ ಹ್ಯಾರಿ ಬೆಕ್ ಬರೆದ, ನಿಜವಾದ ದೂರ ಲೆಕ್ಕಿಸದ ಮ್ಯಾಪ್ 1933ರಲ್ಲಿ ಬಂತು. ಅದರ ದಾರಿ ಹಿಡಿದ ಮ್ಯಾಪ್‌ಗಳಲ್ಲಿ ಸ್ಟೇಷನ್‌ಗಳ ಸಾಲು ಸರಿ ಇರುತ್ತದೆ, ಅಂತರ ಇರುವುದಿಲ್ಲ. ಹತ್ತಿರದ ಎರಡು ಸ್ಟೇಷನ್ ನಡುವೆ ರೈಲು ಬಿಟ್ಟು ಸುಮ್ನೆ ನಡೆದು ಬನ್ನಿ. ಒಂದು ಬಡಾವಣೆ ಮುಗಿದು ಇನ್ನೊಂದು ಶುರುವಾಗುವ ತಿರುವು ಅಲ್ಲೇ ಸಿಗುತ್ತದೆ.

ಉತ್ತರ 2
ಸುರಂಗದ ಸ್ಟೇಷನ್‌ನಲ್ಲಿ ಫೋಟೋ ಮೇಲೆ ಅಡ್ಡಡ್ಡ ಪಟ್ಟೆ ಬಂದರೆ ಗಾಬರಿಯಾಗಬೇಡಿ. ಅದು ದೀಪದ ಮಿಣುಕು. 50 ಹರ್ಟ್ಸ್ ಕರೆಂಟಿನಲ್ಲಿ ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ, ಹೆಚ್ಚಿನ ಕಡೆ ಪಟ್ಟೆ ಹೋಗುತ್ತದೆ. 60 ಹರ್ಟ್ಸ್ ಇರುವ ದೇಶದಲ್ಲಾದರೆ 1/60 ಅಥವಾ 1/120. ರೈಲು ಬರುವಾಗ ಕಂಬಕ್ಕೆ ಭುಜ ಒರಗಿಸಿ 1/15ಕ್ಕೆ ಇಳಿಸಿ ನೋಡಿ: ಅಲುಗಾಡದೆ ನಿಂತವರು ಸ್ಪಷ್ಟ, ರೈಲು ಬರೀ ಗೆರೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿಪಡಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ, ಒಂದೇ ಸ್ಟೇಷನ್‌ನಲ್ಲಿ ಹತ್ತು ಬಣ್ಣ ಬರುತ್ತದೆ.

ಉತ್ತರ 3
ಮೊದಲು ಆ ಮೆಟ್ರೋದ ನಿಯಮ ಓದಿ. ಕೆಲವು ಕಡೆ ಫೋಟೋಗೇ ಅನುಮತಿ ಬೇಕು, ಕೆಲವು ಕಡೆ ಟ್ರೈಪಾಡ್ ಮಾತ್ರ ಬಿಡುವುದಿಲ್ಲ. ಫ್ಲ್ಯಾಶ್ ಅಂತೂ ಬೇಡವೇ ಬೇಡ, ಚಾಲಕರ ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದ ಫೋಟೋಗ್ರಾಫರ್ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್ ಸಬ್‌ವೇಯಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಪ್ರಯಾಣಿಕರ ಮುಖ ತೆಗೆದರು. ಫೋಟೋಗಳು ಅದ್ಭುತ, ಆದರೆ ಆ ದಾರಿ ನನಗೆ ಒಪ್ಪಿಗೆಯಿಲ್ಲ. ಕ್ಯಾಮೆರಾ ಎಲ್ಲರಿಗೂ ಕಾಣುವ ಹಾಗೆ ಹಿಡಿಯಿರಿ. ಯಾರಾದರೂ ಬೇಡ ಅಂತ ತಲೆಯಾಡಿಸಿದರೆ ಇಳಿಸಿಬಿಡಿ.