‘1000ಕ್ಕೆ ನಿಲ್ಲಿಸಿ’ ಅಂದರೆ ಯಾವ ಅರ್ಥ? ವಿದ್ಯುತ್ ಆವಗೆಯ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಸೆರಾಮಿಕ್ ಕೆಲಸಗಾರರಿಗಾಗಿ, ವಿದ್ಯುತ್ ಆವಗೆಯ (ಮಡಕೆ ಸುಡುವ ಕಿಲ್ನ್) ಡಿಜಿಟಲ್ ಕಂಟ್ರೋಲರ್ ನಡೆಸುವ ಕ್ರಮವನ್ನು ಎರಡು ಪುಟಗಳಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇವೆ. ಆವಗೆಯ ಪಕ್ಕದ ಗೋಡೆಗೆ ಅಂಟಿಸುವ ಕಾಗದ ಅದು, ಓದಿದವರು ಆ ಕ್ಷಣವೇ ಗುಂಡಿ ಒತ್ತುತ್ತಾರೆ. ಹಾಗಾಗಿ ಪದಕ್ಕೆ ಎರಡರ್ಥ ಇರಬಾರದು. ನಿಮ್ಮ ಸಲಹೆ ಬೇಕಾಗಿದೆ.

ಮೊದಲನೆಯದು ‘ಹೋಲ್ಡ್’. ಬಹಳ ಜನ ಇದನ್ನು ‘ನಿಲ್ಲಿಸು’ ಎನ್ನುತ್ತಾರೆ. ‘1000 ಡಿಗ್ರಿಗೆ ನಿಲ್ಲಿಸಿ’ ಎಂದರೆ ಕಾವು ಅಲ್ಲೇ ಕದಲದೆ ಇರಲಿ ಎಂದೂ ಆಗುತ್ತದೆ, ಅಲ್ಲಿಗೆ ಆಫ್ ಮಾಡಿ ಎಂದೂ ಆಗುತ್ತದೆ. 1000 ಮುಟ್ಟಿದ ತಕ್ಷಣ ಆಫ್ ಮಾಡಿದರೆ ಕಾಯಿಲ್ ಪಕ್ಕದ ಮಡಕೆ ಬೆಂದಿರುತ್ತದೆ, ನಡುವಿನದು ಅರೆಬೆಂದಿರುತ್ತದೆ. ಬೆರಳಲ್ಲಿ ತಟ್ಟಿದರೆ ‘ಠಣ್’ ಎನ್ನದೆ ಮಂಕು ಸದ್ದು ಬರುತ್ತದೆ. ನಮ್ಮ ಕರಡಿನಲ್ಲಿ ‘10 ನಿಮಿಷ ಹಿಡಿದಿಡಿ’ ಎಂದು ಬರೆದಿದ್ದೇವೆ. ಇದನ್ನೇ ‘ಸೋಕ್’ ಎನ್ನುವ ಕಂಟ್ರೋಲರುಗಳೂ ಇವೆ. ಅದಕ್ಕೆ ‘ನೆನೆಸು’ ಎಂಬ ಅನುವಾದ ಬಂತು, ಬೇಡವೆಂದು ತೆಗೆದೆವು: ಹಸಿ ಮಡಕೆಯ ಮಾತಾಡುವಾಗ ನೆನೆಸುವ ಮಾತು ನೀರಿನ ಕಡೆಗೇ ಹೋಗುತ್ತದೆ. ‘ಇಂಗು’ ನನಗೆ ಹಿಡಿಸಿದೆ. ಅನ್ನದ ನೀರು ಇಂಗುವ ಹಾಗೆ ಕಾವು ಮಣ್ಣಿನ ತಿರುಳಿಗೆ ಇಂಗಬೇಕು, ಅಲ್ಲಿ ನಡೆಯುವುದೂ ಅದೇ.

ಹೆಚ್ಚು ತೊಡಕು ಕೊಟ್ಟಿರುವುದು ‘ರ್‍ಯಾಂಪ್’. ‘ಏರಿಕೆ’ ಎಂದು ಬರೆದು ಮುಗಿಸಬಹುದಿತ್ತು, ಆದರೆ ಏರಿಕೆಯ ಕೆಳಗೆ ತುಂಬುವ ಅಂಕಿ ಎಲ್ಲ ಕಂಟ್ರೋಲರುಗಳಲ್ಲೂ ಒಂದೇ ಅಲ್ಲ. ಕೆಲವು ಗಂಟೆಗೆ ಎಷ್ಟು ಡಿಗ್ರಿ ಎಂದು ಕೇಳುತ್ತವೆ, ಕೆಲವು ಆ ಹಂತಕ್ಕೆ ಎಷ್ಟು ನಿಮಿಷ ಎಂದು ಕೇಳುತ್ತವೆ. ಹಸಿ ಮಡಕೆಯ ಮೊದಲ ಸುಡುವಿಕೆಗೆ ನಾವು ಕೊಟ್ಟಿರುವ ಕ್ರಮ ಹೀಗಿದೆ: 30ರಿಂದ 90 ಡಿಗ್ರಿಗೆ ಒಂದು ಗಂಟೆ, 90ರಲ್ಲಿ ಎರಡು ಗಂಟೆ ಹಿಡಿದಿಡುವುದು, 90ರಿಂದ 600ಕ್ಕೆ ಆರು ಗಂಟೆ, 600ರಿಂದ 1000ಕ್ಕೆ ಎರಡೂವರೆ ಗಂಟೆ, ಕೊನೆಗೆ 10 ನಿಮಿಷ ಹಿಡಿತ. ಒಟ್ಟು 11 ಗಂಟೆ 40 ನಿಮಿಷ. ಇದರ ಮೂರನೇ ಹಂತವನ್ನೇ ನೋಡಿ. ವೇಗ ಕೇಳುವ ಕಂಟ್ರೋಲರಿಗೆ 85 ಎಂದು ಕೊಡಬೇಕು, ನಿಮಿಷ ಕೇಳುವುದಕ್ಕೆ 360. ಅದಲುಬದಲು ಮಾಡಿದರೆ? 510 ಡಿಗ್ರಿಯನ್ನು 85 ನಿಮಿಷದಲ್ಲಿ ಏರಿಸು ಎಂದರೂ ಗಂಟೆಗೆ 360 ಡಿಗ್ರಿ, ವೇಗದ ಜಾಗದಲ್ಲಿ 360 ಒತ್ತಿದರೂ ಗಂಟೆಗೆ 360 ಡಿಗ್ರಿ. ಯಾವ ಕಡೆ ತಪ್ಪಿದರೂ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗ. ಮೊದಲಿಗೆ ಉಳಿದ ತೇವ ಹಬೆಯಾಗಿ ದಪ್ಪ ತಳದ ಮಡಕೆಯನ್ನು ಸಿಡಿಸುತ್ತದೆ. ಮುಂದೆ, ಜೇಡಿಯ ಒಳಗೇ ಕಟ್ಟಿಕೊಂಡಿರುವ ನೀರು ಬಿಡುವುದೂ, 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಹಿಗ್ಗುವುದೂ ಇದೇ ಹಂತದಲ್ಲಿ. ಬಿರುಕು ಬಿಡುವುದು ಅಲ್ಲಿ. ಆದ್ದರಿಂದ ‘ಏರಿಕೆ’ ಎಂಬ ಒಂಟಿ ಪದವನ್ನು ಕೈಬಿಟ್ಟು ‘ಏರುವ ವೇಗ’, ‘ಏರುವ ಅವಧಿ’ ಎಂದು ಬೇರೆ ಬೇರೆ ಬರೆಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಹಿಡಿತ 90ಕ್ಕೆ ಯಾಕೆ ಎಂದು ಕೇಳುವವರಿಗೆ: ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ತೇವ ಕುದಿಯುವ ಮೊದಲೇ ಆರಬೇಕು. ಮಳೆಗಾಲದಲ್ಲಿ ಈ ಎರಡು ಗಂಟೆಯನ್ನು ನಾಲ್ಕಾದರೂ ಮಾಡಬೇಕು.

ಇಲ್ಲೇ ಇನ್ನೊಂದು ಪೇಚು. ಈ ಹಂತದಲ್ಲಿ ಇಣುಕುಗಂಡಿಯ ಬಿರಡೆ ತೆಗೆದಿಟ್ಟು ಹಬೆ ಹೊರಗೆ ಹೋಗಲು ಬಿಡಬೇಕು. ಅದನ್ನು ‘ಆವಿಗೆ ದಾರಿ ಬಿಡಿ’ ಎಂದು ಬರೆದಾಗ ಕುಂಬಾರರ ‘ಆವಿಗೆ’ಯೂ ನೀರಾವಿಯೂ ಬೆರೆತುಹೋದವು. ಅದಕ್ಕಾಗಿ ‘ಆವಗೆ’ ಎಂಬ ರೂಪವನ್ನೇ ಹಿಡಿದಿದ್ದೇವೆ, ನೀರಿಗೆ ‘ಹಬೆ’. ‘ಕುಲುಮೆ’ ಎಂದರೆ ಕಮ್ಮಾರಸಾಲೆ ಕಣ್ಣಿಗೆ ಬರುತ್ತದೆ, ‘ಗೂಡು’ ಇಟ್ಟಿಗೆಗಿರಲಿ.

ಮುಖಫಲಕದಲ್ಲಿ ಎರಡು ಸಾಲು ಅಂಕಿ ಬರುತ್ತವೆ, ಪಿವಿ ಮತ್ತು ಎಸ್‌ವಿ. ಪಿವಿಗೆ ‘ಈಗಿನ ಕಾವು’ ಸಾಕು. ಎಸ್‌ವಿಗೆ ‘ಬೇಕಾದ ಕಾವು’ ಎಂದರೆ ಓದುವವರು ಅಲ್ಲಿ 1000 ಇರಬೇಕು ಎಂದುಕೊಳ್ಳುತ್ತಾರೆ. ಪ್ರೋಗ್ರಾಂ ಓಡುವಾಗ ಅಲ್ಲಿ ಕಾಣುವುದು ಆ ನಿಮಿಷಕ್ಕೆ ಮುಟ್ಟಿರಬೇಕಾದ ಅಂಕಿ, ನಿಮಿಷ ನಿಮಿಷಕ್ಕೂ ಏರುತ್ತಿರುತ್ತದೆ. 412 ಕಂಡು ಗಾಬರಿಯಾಗಿ ಕೈಯಲ್ಲಿ 1000 ತುಂಬಿದರೆ ಕ್ರಮ ಕೆಟ್ಟಿತು. ‘ಈ ಹೊತ್ತಿನ ಗುರಿ’ ಹೇಗೆ? ಪಿವಿ ಅದಕ್ಕಿಂತ ಹಿಂದೆ ಬೀಳುತ್ತಾ ಹೋದರೆ ವೋಲ್ಟೇಜ್ ನೋಡಬೇಕು. 230ರ ಬದಲು 200 ಬಂದರೆ ಕಾಯಿಲ್‌ಗೆ ಸಿಗುವ ಶಕ್ತಿ ಮುಕ್ಕಾಲು ಪಾಲು ಮಾತ್ರ.

ಥರ್ಮೋಕಪಲ್‌ಗೆ (ಕಾವು ಅಳೆಯುವ ತಂತಿಜೋಡಿ) ಪಠ್ಯಪುಸ್ತಕದಲ್ಲಿ ‘ಉಷ್ಣಯುಗ್ಮ’ ಇದೆ, ಆದರೆ ಬಾಯಲ್ಲಿ ಇರುವುದು ‘ಸೆನ್ಸರ್’. ನಾವು ಸೆನ್ಸರ್ ಎಂದೇ ಇಟ್ಟಿದ್ದೇವೆ. ಅದರ ಜಾತಿ ಹೇಳುವ ‘ಕೆ’, ‘ಎಸ್’ ಅಕ್ಷರಗಳನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಬೇಕು. ಒಳಗೆ ಎಸ್ ಇದ್ದು ಕಂಟ್ರೋಲರಿನಲ್ಲಿ ಕೆ ಎಂದಿದ್ದರೆ, 1000 ಡಿಗ್ರಿ ಆಗಿದ್ದರೂ ಫಲಕ 300 ಕೂಡ ತೋರಿಸುವುದಿಲ್ಲ. ಆವಗೆ ಉರಿಯುತ್ತಲೇ ಇರುತ್ತದೆ.

ಕೋನ್ (ಗೊತ್ತಾದ ಕಾವಿಗೆ ಬಾಗುವ ಚಿಕ್ಕ ಸೆರಾಮಿಕ್ ಶಂಕು) ಅಂಕಿಗೂ ಎಚ್ಚರ ಬೇಕು. ‘ಸೊನ್ನೆ ಆರು’ ಎಂದರೆ ಹೆಚ್ಚುಕಡಿಮೆ 1000 ಡಿಗ್ರಿ, ಬರೀ ‘ಆರು’ ಎಂದರೆ 1220ರ ಆಸುಪಾಸು. ಬಾಯಲ್ಲಿ ಸೊನ್ನೆ ನುಂಗಿದರೆ ಟೆರ್ರಾಕೋಟಾ ಮಡಕೆ ಕುಸಿದು ಶೆಲ್ಫಿಗೆ ಅಂಟುತ್ತದೆ.

ಕೊನೆಯದು ‘ಆಫ್’, ಇದಕ್ಕೆ ನಮಗೆ ಒಳ್ಳೆಯ ಪರಿಹಾರ ಸಿಕ್ಕಿಲ್ಲ. ಕಾಂಟ್ಯಾಕ್ಟರಿನ (ಕಂಟ್ರೋಲರ್ ಹೇಳಿದಂತೆ ಕಾಯಿಲಿಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್ಚು) ಕಾಂಟ್ಯಾಕ್ಟುಗಳು ಬೆಸೆದುಕೊಂಡುಬಿಟ್ಟರೆ ಕಂಟ್ರೋಲರಿನ ಔಟ್‌ಪುಟ್ ದೀಪ ಆರಿರುತ್ತದೆ, ಕಾವು ಮಾತ್ರ ಏರುತ್ತಲೇ ಇರುತ್ತದೆ. ಆಗ ಕಂಟ್ರೋಲರ್ ಆಫ್ ಮಾಡಿ ಪ್ರಯೋಜನವಿಲ್ಲ, ಗೋಡೆಯ ಎಂಸಿಬಿ ಇಳಿಸಬೇಕು. ‘ಎಂಡ್’ ಎಂದು ಬಂದಾಗಲೂ ಮುಗಿದಿರುವುದು ಕಾಯಿಸುವ ಕೆಲಸ ಅಷ್ಟೇ. ಒಳಗೆ ಇನ್ನೂ 900 ಇರಬಹುದು, 100ಕ್ಕಿಂತ ಕೆಳಗೆ ಇಳಿಯುವ ತನಕ ಮುಚ್ಚಳ ಎತ್ತಬಾರದು. ಪ್ರೋಗ್ರಾಂ ನಿಲ್ಲುವುದು, ಕರೆಂಟ್ ಕಡಿಯುವುದು, ಆವಗೆ ಆರುವುದು ಮೂರೂ ಬೇರೆ. ಮೂರಕ್ಕೂ ಒಂದೊಂದು ಚಿಕ್ಕ ಕ್ರಿಯಾಪದ, ಓದಿದ ಕೂಡಲೇ ಕೈ ಯಾವ ಕಡೆ ಹೋಗಬೇಕೆಂದು ತಿಳಿಯುವಂಥದ್ದು, ನಿಮ್ಮ ಕಡೆಯ ಬಳಕೆಯಲ್ಲಿ ಇದೆಯೇ?