ಮನೆ ನ್ಯೂಜರ್ಸಿ, ಆಫೀಸು ನ್ಯೂಯಾರ್ಕ್: ಸ್ಟೇಟ್ ಟ್ಯಾಕ್ಸ್ ಯಾರಿಗೆ ಕಟ್ಟಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಎಡಿಸನ್‌ನಲ್ಲಿ. ನನ್ನ ಆಫೀಸು ಮ್ಯಾನ್‌ಹಟನ್‌ನಲ್ಲಿದೆ. ವಾರಕ್ಕೆ ಮೂರು ದಿನ ಹೋಗಿ ಬರುತ್ತೇನೆ, ಉಳಿದ ಎರಡು ದಿನ ಮನೆಯಿಂದಲೇ ಕೆಲಸ. ಹೆಂಡತಿಗೆ ಜರ್ಸಿಯಲ್ಲೇ ಕೆಲಸ. ನನ್ನ ಪೂರ್ತಿ ಸಂಬಳಕ್ಕೆ ನ್ಯೂಯಾರ್ಕ್ ಟ್ಯಾಕ್ಸ್ ಹಿಡಿದಿದ್ದಾರೆ. ಜರ್ಸಿಗೂ ಕಟ್ಟಬೇಕಾ? ಮನೆಯಿಂದ ಮಾಡಿದ ದಿನಗಳ ಟ್ಯಾಕ್ಸ್ ವಾಪಸ್ ಕೇಳಬಹುದಾ?

ಉತ್ತರ: ರಿಟರ್ನ್ ಎರಡು ಕಡೆಗೂ ಹಾಕಬೇಕು. ಆದರೆ ಅದೇ ಸಂಬಳಕ್ಕೆ ಎರಡೆರಡು ಸಲ ಪೂರ್ತಿ ಟ್ಯಾಕ್ಸ್ ಬೀಳುವುದಿಲ್ಲ, ಗಾಬರಿ ಬೇಡ.

ಮೊದಲು ನ್ಯೂಯಾರ್ಕಿನದು ಮುಗಿಸಿ. ನೀವು ಅಲ್ಲಿನ ನಿವಾಸಿ ಅಲ್ಲ, ಹಾಗಾಗಿ ಫಾರ್ಮ್ ಐಟಿ-203. ಆಮೇಲೆ ಜರ್ಸಿಯ ಫಾರ್ಮ್ ಎನ್‌ಜೆ-1040. ಜರ್ಸಿಯವರು ನೀವು ಎಲ್ಲಿ ದುಡಿದರೂ ಎಲ್ಲ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ನ್ಯೂಯಾರ್ಕಿನ ಟ್ಯಾಕ್ಸಿಗೆ ಕ್ರೆಡಿಟ್ ಕೊಡುತ್ತಾರೆ, ಅಂದರೆ ಅದನ್ನು ತಮ್ಮ ಟ್ಯಾಕ್ಸಿನಲ್ಲಿ ಕಳೆಯುತ್ತಾರೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ವರ್ಷದ ಸಂಬಳ, ಹಿಡಿದ ಟ್ಯಾಕ್ಸ್ ತೋರಿಸಿ ಕಂಪನಿ ಕೊಡುವ ಡಬ್ಲ್ಯೂ-2ನಲ್ಲಿ ಹಿಡಿದಿರುವ ಮೊತ್ತವನ್ನೇ ಹಾಕಿಬಿಡುತ್ತಾರೆ. ಅದಲ್ಲ, ಐಟಿ-203ರಲ್ಲಿ ಕೊನೆಗೆ ಬಂದ ಟ್ಯಾಕ್ಸ್ ಹಾಕಬೇಕು. ಅದಕ್ಕೇ ನ್ಯೂಯಾರ್ಕ್ ಮೊದಲು ಅಂದಿದ್ದು.

ಕ್ರೆಡಿಟ್‌ಗೆ ಮಿತಿ ಇದೆ. ನ್ಯೂಯಾರ್ಕಿನಲ್ಲಿ 9,000 ಡಾಲರ್ ಆಯಿತು, ಅದೇ ಆದಾಯಕ್ಕೆ ಜರ್ಸಿ ಲೆಕ್ಕದಲ್ಲಿ 6,500 ಅಂದುಕೊಳ್ಳಿ. ಸಿಗುವುದು 6,500 ಮಾತ್ರ. ಉಳಿದ 2,500 ಯಾರೂ ವಾಪಸ್ ಕೊಡುವುದಿಲ್ಲ.

ಇನ್ನು ಮನೆಯಿಂದ ಮಾಡಿದ ದಿನಗಳು. ನಿಮ್ಮ ಅನುಕೂಲಕ್ಕೆ ಮನೆಯಲ್ಲಿ ಕೂತು ಕೆಲಸ ಮಾಡಿದರೆ ನ್ಯೂಯಾರ್ಕ್ ಅದನ್ನೂ ತನ್ನಲ್ಲಿ ದುಡಿದ ದಿನ ಅಂತಲೇ ಎಣಿಸುತ್ತದೆ. ಕಂಪನಿಗೇ ಅದು ಅನಿವಾರ್ಯವಾಗಿದ್ದರೆ ಮಾತ್ರ ಬೇರೆ ಮಾತು. ನನಗೆ ಇದು ನ್ಯಾಯ ಅನಿಸುವುದಿಲ್ಲ. ಕನೆಕ್ಟಿಕಟ್‌ನಲ್ಲಿದ್ದ ಕಾನೂನು ಪ್ರಾಧ್ಯಾಪಕ ಎಡ್ವರ್ಡ್ ಝೆಲಿನ್ಸ್ಕಿ ಇದರ ವಿರುದ್ಧ ಕೋರ್ಟಿಗೆ ಹೋಗಿ, 2003ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ಕೋರ್ಟಿನಲ್ಲೂ ಸೋತರು. ಹಾಗಾಗಿ ಸುಮ್ನೆ ಆ ದಿನಗಳನ್ನು ಕಳೆದು ರಿಫಂಡ್ ಕೇಳಬೇಡಿ, ನೋಟಿಸ್ ಬರುತ್ತದೆ. ಕಂಪನಿ ಕೆಲಸಕ್ಕೆ ಟೆಕ್ಸಾಸ್‌ಗೋ ಕ್ಯಾಲಿಫೋರ್ನಿಯಾಗೋ ಹೋಗಿದ್ದರೆ ಆ ದಿನಗಳನ್ನು ಕಳೆಯಬಹುದು. ಟಿಕೆಟ್, ಹೋಟೆಲ್ ಬಿಲ್ ಇಟ್ಟುಕೊಂಡಿರಿ.

ಪ್ರಶ್ನೆ: ಐಟಿ-203ರಲ್ಲಿ ಹೆಂಡತಿಯ ಸಂಬಳವನ್ನೂ ಕೇಳುತ್ತಿದೆಯಲ್ಲ ಸರ್? ಅವಳು ನ್ಯೂಯಾರ್ಕಿನಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ.

ಉತ್ತರ: ಕೇಳುತ್ತದೆ. ಇಬ್ಬರ ಪೂರ್ತಿ ಆದಾಯಕ್ಕೆ ಮೊದಲು ಟ್ಯಾಕ್ಸ್ ಲೆಕ್ಕ ಹಾಕಿ, ಅದರಲ್ಲಿ ನ್ಯೂಯಾರ್ಕ್ ಆದಾಯದ ಪಾಲೆಷ್ಟೋ ಅಷ್ಟನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅವರ ಸಂಬಳಕ್ಕೆ ನೇರವಾಗಿ ಟ್ಯಾಕ್ಸ್ ಇಲ್ಲ. ಆದರೆ ನಿಮ್ಮ ಸಂಬಳಕ್ಕೆ ಬೀಳುವ ದರ ಸ್ವಲ್ಪ ಜಾಸ್ತಿ ಆಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನಾವು ಜರ್ಸಿಯ ಚೆರಿ ಹಿಲ್‌ನಲ್ಲಿದ್ದೇವೆ, ಕೆಲಸ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾದಲ್ಲಿ. ನಮಗೂ ಹೀಗೇನಾ?

ಉತ್ತರ: ಇಲ್ಲಮ್ಮ, ನಿಮ್ಮದು ಸುಲಭ. ಸಂಬಳಕ್ಕೆ ಮನೆ ಇರುವ ಸ್ಟೇಟ್ ಮಾತ್ರ ಟ್ಯಾಕ್ಸ್ ಹಾಕಬೇಕು ಅಂತ ಪೆನ್ಸಿಲ್ವೇನಿಯಾಗೂ ಜರ್ಸಿಗೂ ಒಪ್ಪಂದ ಇದೆ. ರೆವ್-419 ಫಾರ್ಮ್ ತುಂಬಿ ಕಂಪನಿಗೆ ಕೊಟ್ಟರೆ ಪೆನ್ಸಿಲ್ವೇನಿಯಾ ಟ್ಯಾಕ್ಸ್ ಹಿಡಿಯುವುದಿಲ್ಲ. ಫಿಲಡೆಲ್ಫಿಯಾ ನಗರದ ವೇಜ್ ಟ್ಯಾಕ್ಸ್ ಮಾತ್ರ ತಪ್ಪುವುದಿಲ್ಲ. ಅದಕ್ಕೆ ಜರ್ಸಿಯಲ್ಲಿ ಕ್ರೆಡಿಟ್ ಕೇಳಿ. ಕಂಪನಿ ಜರ್ಸಿ ಟ್ಯಾಕ್ಸ್ ಹಿಡಿಯುತ್ತಿದೆಯಾ ಅಂತಲೂ ಈಗಲೇ ನೋಡಿಕೊಳ್ಳಿ. ವರ್ಷದ ಕೊನೆಗೆ 400 ಡಾಲರ್‌ಗಿಂತ ಜಾಸ್ತಿ ಬಾಕಿ ಬರುವ ಹಾಗಿದ್ದರೆ ಕಂತಿನಲ್ಲಿ ಮುಂಚೆಯೇ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಕೊನೆಯದೊಂದು ಸರ್. ಇಲ್ಲಿನ ದುಡಿಮೆ ಕಳಿಸಿ ಇಡುವ ಬೆಂಗಳೂರಿನ ಎನ್‌ಆರ್‌ಇ ಖಾತೆಯ ಬಡ್ಡಿ?

ಉತ್ತರ: ಭಾರತದಲ್ಲಿ ಅದಕ್ಕೆ ಟ್ಯಾಕ್ಸ್ ಇಲ್ಲ, ಇಲ್ಲಿ ಇದೆ. ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ರಿಟರ್ನ್‌ನಲ್ಲೂ ತೋರಿಸಿ, ಜರ್ಸಿಯಲ್ಲೂ ತೋರಿಸಿ. ಅದು ನ್ಯೂಯಾರ್ಕ್ ಆದಾಯ ಅಲ್ಲ, ಹಾಗಾಗಿ ಆ ಬಡ್ಡಿಗೆ ನ್ಯೂಯಾರ್ಕ್ ಕ್ರೆಡಿಟ್ ಸಿಗುವುದಿಲ್ಲ. ಭಾರತದಲ್ಲೇ ಬರುವ ಆದಾಯ ಇಡುವ ಎನ್‌ಆರ್‌ಒ ಖಾತೆಯಲ್ಲಿ ಟಿಡಿಎಸ್ ಕಡಿತ ಆಗಿದ್ದರೂ ಜರ್ಸಿ ಅದಕ್ಕೆ ಕ್ರೆಡಿಟ್ ಕೊಡುವುದಿಲ್ಲ. ಬೇರೆ ದೇಶಕ್ಕೆ ಕಟ್ಟಿದ್ದನ್ನು ಫೆಡರಲ್‌ನಲ್ಲಿ ಕೇಳಬೇಕು.