ಮದುವೆಯಾಗಿ ಐದು ವಾರ, ರಿಪೋರ್ಟಿನಲ್ಲಿ ಆರು ವಾರ: ಸ್ತ್ರೀರೋಗ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ): ಮೇಡಂ, ಮೇ 10ಕ್ಕೆ ನನ್ನ ಮದುವೆ ಆಯಿತು. ಕೊನೆಯ ಸಲ ಮುಟ್ಟಾಗಿದ್ದು ಮೇ 1ಕ್ಕೆ. ಜೂನ್ ಬಂದಮೇಲೆ ಒಗ್ಗರಣೆ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಮಧ್ಯಾಹ್ನ ಕೂತಲ್ಲೇ ನಿದ್ದೆ. ಜೂನ್ 14ಕ್ಕೆ ಸ್ಕ್ಯಾನಿಂಗ್ ಮಾಡಿಸಿದೆವು. ರಿಪೋರ್ಟಿನಲ್ಲಿ 6 ವಾರ 2 ದಿನ ಅಂತ ಬಂದಿದೆ. ಮದುವೆಯಾಗಿ ಐದೇ ವಾರ ಅಲ್ವಾ? ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿಲ್ಲ. ಆದರೆ ನಾದಿನಿ ರಿಪೋರ್ಟ್ ಹಿಡಿದುಕೊಂಡು ಬೆರಳು ಮಡಚಿ ಲೆಕ್ಕ ಹಾಕಿದ್ದು ನೋಡಿದೆ. ರಿಪೋರ್ಟ್ ತಪ್ಪಿರಬಹುದಾ?

ಡಾಕ್ಟರ್: ರಿಪೋರ್ಟ್ ಸರಿ ಇದೆ, ನಿಮ್ಮ ಲೆಕ್ಕವೂ ಸರಿ ಇದೆ. ಮದುವೆ ಸೀಸನ್ ಮುಗಿದ ಮೇಲೆ ಈ ಪ್ರಶ್ನೆ ನನ್ನ ಹತ್ತಿರ ಬಂದೇ ಬರುತ್ತದೆ. ಬಹಳ ಹೆಣ್ಣುಮಕ್ಕಳು ಕೇಳುವುದಕ್ಕೂ ಹೆದರುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು.

ಬಸಿರಿನ ವಾರಗಳನ್ನು ಗಂಡ ಹೆಂಡತಿ ಕೂಡಿದ ದಿನದಿಂದ ಎಣಿಸುವುದಿಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತೇವೆ. ಅಂಡ ಯಾವತ್ತು ಬಿಡುಗಡೆ ಆಯಿತು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಮುಟ್ಟಾದ ತಾರೀಖು ನೆನಪಿರುತ್ತದೆ. ಅದಕ್ಕೇ ಪ್ರಪಂಚದಲ್ಲೆಲ್ಲ ಡಾಕ್ಟರುಗಳು ಇದೇ ಲೆಕ್ಕ ಹಿಡಿದಿದ್ದಾರೆ. ಹೀಗಾಗಿ ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ಆದರೂ ಲೆಕ್ಕ ಓಡುತ್ತಿರುತ್ತದೆ.

28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಸುಮಾರು 14ನೇ ದಿನ ಅಂಡ ಹೊರಬರುತ್ತದೆ. ನಿಮಗದು ಮೇ 15ರ ಆಸುಪಾಸು, ಅಂದರೆ ಮದುವೆ ಆದಮೇಲೆ. ಮೇ 1ರಿಂದ ಎಣಿಸಿದರೆ ಜೂನ್ 14ಕ್ಕೆ 44 ದಿನ, ಅದೇ 6 ವಾರ 2 ದಿನ. ಭ್ರೂಣದ ನಿಜವಾದ ವಯಸ್ಸು ಅವತ್ತಿಗೆ ಬರೀ 30 ದಿನದ ಹತ್ತಿರ. ಈ ಉತ್ತರವನ್ನು ನಿಮ್ಮ ಯಜಮಾನರೇ ಮನೆಯಲ್ಲಿ ಓದಿ ಹೇಳಲಿ. ಇದನ್ನು ಸೊಸೆ ಒಬ್ಬಳೇ ನಿಂತು ವಿವರಿಸುವಂತೆ ಆಗಬಾರದು.

ಅದೇ ಓದುಗರು: ಓದಿ ಜೀವ ಬಂತು ಮೇಡಂ. ಆ 30 ದಿನದಲ್ಲಿ ಒಳಗೆ ಏನೇನು ಆಗಿರುತ್ತದೆ?

ಡಾಕ್ಟರ್: ಅಂಡ ಮತ್ತು ವೀರ್ಯಾಣು ಸೇರುವುದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ನಳಿಕೆಯಲ್ಲಿ. ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಐದು ದಿನದವರೆಗೂ ಕಾಯಬಲ್ಲದು. ಸೇರಿದ ಮೇಲೆ ಸುಮಾರು 30 ಗಂಟೆಯಲ್ಲಿ ಒಂದು ಕೋಶ ಎರಡಾಗುತ್ತದೆ, ಆಮೇಲೆ ನಾಲ್ಕು, ಎಂಟು. ನನಗೆ ಇವತ್ತಿಗೂ ಸೋಜಿಗ ಅನಿಸುವುದು ಇದು: ಕೋಶಗಳು ಹೆಚ್ಚುತ್ತಿರುತ್ತವೆ, ಆದರೆ ಒಟ್ಟು ಗಾತ್ರ ಬೆಳೆಯುವುದಿಲ್ಲ. ಅಂಡದ ಸುತ್ತ ಒಂದು ಗಟ್ಟಿ ಪೊರೆ ಇರುತ್ತದೆ. ಅದರೊಳಗೇ ಕೋಶಗಳು ಸಣ್ಣ ಸಣ್ಣದಾಗುತ್ತಾ ಒತ್ತಿಕೊಂಡು ಕೂರುತ್ತವೆ. ಐದನೇ ದಿನದ ಹೊತ್ತಿಗೆ ಒಳಗೆ ನೀರು ತುಂಬಿದ ಪುಟ್ಟ ಗುಳ್ಳೆಯಾಗುತ್ತದೆ. ಆಮೇಲೆ ಪೊರೆ ಒಡೆದು ಹೊರಬಂದು, ಆರನೇ ದಿನದಿಂದೀಚೆಗೆ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ.

ಗುಳ್ಳೆಯ ಹೊರಗಿನ ಕೋಶಗಳಿಂದ ಮುಂದೆ ಮಾಸು ಆಗುತ್ತದೆ. ಒಳಗಡೆ ಒಂದು ಮೂಲೆಯಲ್ಲಿ ಗುಂಪಾಗಿರುವ ಕೋಶಗಳಿಂದ ಮಗು. ಹೊರಗಿನ ಕೋಶಗಳು ಎಚ್‌ಸಿಜಿ ಅನ್ನುವ ಹಾರ್ಮೋನ್ ಬಿಡುತ್ತವೆ. ಈ ಸಲ ಮುಟ್ಟು ಬೇಡ ಅಂತ ಅಂಡಾಶಯಕ್ಕೆ ಸುದ್ದಿ ಮುಟ್ಟಿಸುವುದು ಅದೇ. ಮೆಡಿಕಲ್ ಶಾಪಿನ ಕಿಟ್ ಹಿಡಿಯುವುದೂ ಅದನ್ನೇ.

ಇನ್ನು ಮುಂದಿನ ಲೆಕ್ಕ ಮುಟ್ಟಿನಿಂದಲ್ಲ, ಅಂಡ ಮತ್ತು ವೀರ್ಯಾಣು ಸೇರಿದ ದಿನದಿಂದ. ಮೂರನೇ ವಾರದಲ್ಲಿ ಆ ಒಳಗಿನ ಗುಂಪು ಮೂರು ಪದರ ಆಗುತ್ತದೆ. ಮೇಲಿನದರಿಂದ ಚರ್ಮ, ಮೆದುಳು, ನರ. ನಡುವಿನದರಿಂದ ಹೃದಯ, ರಕ್ತ, ಮೂಳೆ, ಸ್ನಾಯು. ಒಳಗಿನದರಿಂದ ಕರುಳು, ಶ್ವಾಸಕೋಶದ ಒಳಪದರ. 22ನೇ ದಿನದ ಸುಮಾರಿಗೆ ಹೃದಯ ಮಿಡಿಯಲು ಶುರು. ಆಗ ಅದು ನಾಲ್ಕು ಕೋಣೆಯ ಹೃದಯ ಅಲ್ಲ, ಒಂದು ಕೊಳವೆ ಅಷ್ಟೇ. 28ನೇ ದಿನದ ಹೊತ್ತಿಗೆ ಮುಂದೆ ಮೆದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಆದಮೇಲೂ ಉದ್ದ 5 ಮಿಲಿಮೀಟರ್ ಆಜುಬಾಜು, ತೊಗರಿ ಕಾಳಿನಷ್ಟು.

ಹೊಸದಾಗಿ ಮದುವೆಯಾದವರಿಗೆ ಇಲ್ಲೊಂದು ಮಾತು. ಆ ನಾಳ ಮುಚ್ಚುವ ಹೊತ್ತಿಗೆ ಎಷ್ಟೋ ಜನಕ್ಕೆ ತಾವು ಬಸಿರು ಅಂತಲೇ ಗೊತ್ತಿರುವುದಿಲ್ಲ. ಅದಕ್ಕೆ ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳು ಮೊದಲೇ ಶುರುಮಾಡಿ. ಮೊದಲ ಮಗುವಿಗೆ ಬೆನ್ನುಹುರಿಯ ತೊಂದರೆ ಇತ್ತು ಅಂದರೆ, ಅಥವಾ ನೀವು ಫಿಟ್ಸ್ ಮಾತ್ರೆ ತಗೊಳ್ತಿದ್ದರೆ, ಡೋಸ್ ಬೇರೆ ಇರುತ್ತದೆ, ಡಾಕ್ಟರನ್ನು ಕೇಳಿ. ನಿಟುವಳ್ಳಿಯವರು ಇನ್ನೂ ಶುರುಮಾಡಿಲ್ಲ ಅಂದರೆ ಇವತ್ತೇ ತಗೊಳ್ಳಿ.

ಪ್ರಶ್ನೆ (ಹೊಳಲ್ಕೆರೆ): ಕಿಟ್‌ನಲ್ಲಿ ಬೆಳಿಗ್ಗೆ ಒಂದೇ ಗೆರೆ ಬಂತು. ಕಸದ ಬುಟ್ಟಿಗೆ ಹಾಕಿದ್ದೆ. ಸಂಜೆ ನೋಡಿದರೆ ಎರಡನೇ ಗೆರೆ ಮಸುಕಾಗಿ ಕಾಣ್ತಿದೆ. ಮುಟ್ಟಿನ ತಾರೀಖಿಗೆ ಇನ್ನೂ ಮೂರು ದಿನ ಇದೆ.

ಡಾಕ್ಟರ್: ಸಂಜೆಯ ಗೆರೆ ಲೆಕ್ಕಕ್ಕಿಲ್ಲ. ಮೂತ್ರ ಒಣಗಿದರೂ ಹಾಗೆ ಕಾಣುತ್ತದೆ. ಪ್ಯಾಕೆಟ್ ಮೇಲೆ ಹೇಳಿರುವಷ್ಟು ನಿಮಿಷದಲ್ಲಿ, ಸಾಮಾನ್ಯವಾಗಿ ಐದು ನಿಮಿಷಕ್ಕೆ, ನೋಡಿ ಬಿಟ್ಟುಬಿಡಬೇಕು. ಆ ಹೊತ್ತಿನೊಳಗೆ ಬಂದ ಗೆರೆ ಮಸುಕಾಗಿದ್ದರೂ ಬಸಿರು ಅಂತಲೇ ಹಿಡಿಯುತ್ತೇವೆ. ನೀವು ಬೇಗ ಮಾಡಿದ್ದೀರಿ. ಎಚ್‌ಸಿಜಿ ಮೊದಮೊದಲು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ತಾರೀಖು ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಇನ್ನೊಮ್ಮೆ ಮಾಡಿ. ಸಕ್ಕರೆ, ಉಪ್ಪು, ಟೂತ್‌ಪೇಸ್ಟ್ ಹಾಕಿ ನೋಡುವ ವಿಡಿಯೋಗಳನ್ನು ನಂಬಬೇಡಿ. ಸುಮ್ನೆ ಸಾಮಾನು ದಂಡ.

ಪ್ರಶ್ನೆ (ಜಗಳೂರು): ಆರು ವಾರ ಆಗಿದೆ, ಚೀಲ ಕಾಣ್ತಿದೆ, ಹಾರ್ಟ್ ಬೀಟ್ ಇಲ್ಲ ಅಂದರು. ಹತ್ತು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಪಕ್ಕದ ಮನೆಯವರು ತೆಗೆಸಿಬಿಡು ಅಂತಾರೆ. ನನಗೆ ಮೊದಲಿಂದ ಮುಟ್ಟು 40 ದಿನಕ್ಕೊಮ್ಮೆ.

ಡಾಕ್ಟರ್: ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. 40 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ 14ನೇ ದಿನ ಬರುವುದಿಲ್ಲ, 26ರ ಆಸುಪಾಸು ಬರುತ್ತದೆ. ಕಾಗದದ ಮೇಲೆ ಆರು ವಾರ ಇದ್ದರೂ ಒಳಗೆ ನಾಲ್ಕೂವರೆ ವಾರದ ಬೆಳವಣಿಗೆ ಇರಬಹುದು. ಆಗ ಹಾರ್ಟ್ ಬೀಟ್ ಕಾಣದಿರುವುದು ಸಹಜ. ಭ್ರೂಣ 7 ಮಿಲಿಮೀಟರ್ ಮುಟ್ಟಿದ ಮೇಲೂ ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಮಿಡಿತ ಇಲ್ಲ ಅಂದರೆ ಯೋಚನೆ. ನಿಮ್ಮ ಡಾಕ್ಟರ್ ಹೇಳಿದ್ದು ಸರಿ, ಕಾಯಿರಿ. ಮೆಡಿಕಲ್ ಶಾಪಿನಿಂದ ಯಾವ ಮಾತ್ರೆಯೂ ಬೇಡ.

ಪ್ರಶ್ನೆ (ಚಳ್ಳಕೆರೆ): ಟೆಸ್ಟ್ ಪಾಸಿಟಿವ್. ನಿನ್ನೆಯಿಂದ ಸ್ವಲ್ಪ ಕಂದು ಬಣ್ಣ ಕಾಣ್ತಿದೆ, ಕಿಬ್ಬೊಟ್ಟೆಯ ಬಲಗಡೆ ನೋವು ಜಾಸ್ತಿ. ಗರ್ಭ ಅಂಟುವಾಗ ಹೀಗಾಗುತ್ತೆ ಅಂತ ಓದಿದೆ.

ಡಾಕ್ಟರ್: ಅಂಟುವಾಗ ಒಂದೆರಡು ಹನಿ ಕಾಣುವುದುಂಟು, ಆದರೆ ಒಂದೇ ಕಡೆ ಜೋರು ನೋವು ಅದರದ್ದಲ್ಲ. ಗರ್ಭ ನಳಿಕೆಯಲ್ಲೇ ಕೂತಿರಬಹುದು. ನಳಿಕೆ ಒಡೆದರೆ ಒಳಗೊಳಗೇ ರಕ್ತ ಸುರಿದು ಜೀವಕ್ಕೆ ಅಪಾಯ. ಈಗಲೇ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೊರಡಿ, ಜೊತೆಗೆ ಯಾರಾದರೂ ಬರಲಿ. ತಲೆ ಸುತ್ತಿದರೆ, ಭುಜದ ತುದಿಯಲ್ಲಿ ನೋವು ಬಂದರೆ 108ಕ್ಕೆ ಫೋನ್ ಮಾಡಿ. ತಲುಪಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ.

ಪ್ರಶ್ನೆ (ಹರಿಹರ): ವಾಂತಿ ಜಾಸ್ತಿ ಆದರೆ ಹೆಣ್ಣಂತೆ, ಹೌದಾ?

ಡಾಕ್ಟರ್: ವಾಂತಿ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಅದು ತೀರ್ಮಾನವಾಗುವುದು ಮೊದಲ ದಿನವೇ, ತಂದೆಯ ವೀರ್ಯಾಣುವಿನಿಂದ. ಸ್ಕ್ಯಾನಿಂಗ್ ರೂಮಿನಲ್ಲೂ ಕೇಳಬೇಡಿ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಕೇಳುವುದೂ ಅಪರಾಧ, ಹೇಳುವುದೂ ಅಪರಾಧ.

ನಿಟುವಳ್ಳಿ ಓದುಗರು: ಮೇಡಂ, ಈ ಒಗ್ಗರಣೆ ಕಾಟ ಎಷ್ಟು ದಿನ? ತಾಯಿ ಕಾರ್ಡ್ ಈಗಲೇ ಮಾಡಿಸಬೇಕಾ?

ಡಾಕ್ಟರ್: ಒಂಬತ್ತನೇ ವಾರದ ಹೊತ್ತಿಗೆ ಇನ್ನೂ ಜಾಸ್ತಿ ಆಗಬಹುದು. ಹೆಚ್ಚಿನವರಿಗೆ 12ರಿಂದ 16 ವಾರದೊಳಗೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಇರಬೇಡಿ. ಏಳುವ ಮೊದಲೇ ಒಂದು ಹಿಡಿ ಒಣ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳಿ, ಒಗ್ಗರಣೆ ಕೆಲಸ ಮನೆಯಲ್ಲಿ ಬೇರೆಯವರು ನೋಡಿಕೊಳ್ಳಲಿ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಬಂದು ತೋರಿಸಿ, ಈ ಹೊತ್ತಿನಲ್ಲಿ ಕೊಡಬಹುದಾದ ಮಾತ್ರೆಗಳಿವೆ. ತಾಯಿ ಕಾರ್ಡಿಗೆ 12 ವಾರದೊಳಗೆ ನಿಮ್ಮ ಆಶಾ ಕಾರ್ಯಕರ್ತೆ ಹತ್ತಿರ ಹೆಸರು ಬರೆಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ರಶ್ ಇರುತ್ತದೆ, ತಿಂಡಿ ಕಟ್ಟಿಕೊಂಡು ಹೋಗಿ.

ಚಳ್ಳಕೆರೆ ಓದುಗರು: ಆಸ್ಪತ್ರೆಗೆ ಬಂದಿದ್ದೇವೆ ಮೇಡಂ. ಒಳಗೆ ಕರೆದಿದ್ದಾರೆ.